ಆರು ಅಂಕಿಯ ಸರ್ಪ

ಬಹಳ ಹಿಂದೆ, ಹೊಂಬಣಿ ಎಂಬ ರಾಜ್ಯವನ್ನು ಜಾಕಲದೇವಿ ಎಂಬ ರಾಣಿ ಆಳುತ್ತಿದ್ದಳು. ಒಂದು ದಿನ ಧೂಮಕೇಶನೆಂಬ ಮಾಂತ್ರಿಕ ಬಂದು ಅವಳ ರಾಜ್ಯವನ್ನೇ ಕೇಳಿದ. ರಾಣಿ ಕೊಡಲಿಲ್ಲ.

"ಹಾಗಾದರೆ ನೀನೂ ಕೂರಬೇಡ, ನಿನ್ನ ಊರೂ ಕೂರುವುದು ಬೇಡ!" ಎಂದು ಅವನು ಒಂದು ಸರ್ಪವನ್ನು ಬಿಟ್ಟ.

ಸರ್ಪ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಊರನ್ನು ಸುತ್ತತೊಡಗಿತು. ಅಂದಿನಿಂದ ಯಾರ ಕಾಲೂ ನಿಲ್ಲಲಿಲ್ಲ. ಕೂತವರು ಏಳುವರು, ಎದ್ದವರು ನಡೆವರು. ತಾಯಂದಿರು ನಡೆಯುತ್ತಲೇ ಹಾಲೂಡಿಸಿದರು. ರಾಣಿಯ ಪಾದ ಒಡೆದು ಅರಮನೆಯ ನೆಲದ ಮೇಲೆಲ್ಲ ರಕ್ತದ ಹೆಜ್ಜೆ ಮೂಡಿತು.

ರಾಣಿಯ ಮಗ ಮಲ್ಲಿದೇವ ಕತ್ತಿ ಹಿಡಿದು ಹೋದ. ಸರ್ಪ ನಕ್ಕಿತು.

"ಕತ್ತಿ ನನಗೆ ನಾಟದು. ನನ್ನ ಮೈಮೇಲಿನ ಆರು ಹುರುಪೆಯಲ್ಲಿರುವ ಅಂಕಿ ನೋಡು: ೧೪೨೮೫೭. ಅದನ್ನು ಒಂದು ಸಂಖ್ಯೆಯಿಂದ ಗುಣಿಸು. ಉತ್ತರ ಈ ಆರು ಹುರುಪೆಯಲ್ಲೇ ಹಿಡಿಸಬೇಕು, ಆದರೆ ಅಂಕಿಗಳ ಸಾಲು ಮುರಿಯಬೇಕು. ಮುರಿದರೆ ನಿಲ್ಲುವೆ. ಮೂರು ಸಲ ಸೋತರೆ ಊರನ್ನೇ ಹಿಸುಕುವೆ."

"ಎರಡರಿಂದ!" ಎಂದ ಮಲ್ಲಿದೇವ. ಹುರುಪೆಗಳು ಮಿನುಗಿ ೨೮೫೭೧೪ ಆಯಿತು. ಅವೇ ಅಂಕಿ, ಸುತ್ತಿ ಓದಿದರೆ ಅದೇ ಸಾಲು. ಸರ್ಪದ ಸುತ್ತು ಬಿಗಿದು ಹೊಲಗಳೆಲ್ಲ ನುಜ್ಜುಗುಜ್ಜಾದವು.

"ಮೂರರಿಂದ!" ೪೨೮೫೭೧. ಮತ್ತೆ ಅದೇ ಸಾಲು. ಕೋಟೆ ಕುಸಿದು ಸರ್ಪ ಬೀದಿಗೇ ಬಂತು.

ಮಲ್ಲಿದೇವ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವನ ತಂಗಿ ಮಾಚಲೆ ಓಡಿ ಬಂದಳು.

"ಅಣ್ಣಾ, ತಡಿ!"

"ಹೇಗೆ ತಡೆಯಲಿ? ಅವ್ವನ ಕಾಲು ನೋಡಿದೆಯಾ?"

"ನೋಡಿದೆ. ಅದಕ್ಕೇ ತಡಿ ಅಂದದ್ದು."

ನಿಲ್ಲಲಾರದೆ ನಡೆಯುತ್ತಲೇ ಅವಳು ಇದ್ದಿಲಿನಿಂದ ಗೋಡೆಯುದ್ದಕ್ಕೂ ಗುಣಿಸಿದಳು. ನಾಲ್ಕರಿಂದ ೫೭೧೪೨೮. ಐದರಿಂದ ೭೧೪೨೮೫. ಆರರಿಂದ ೮೫೭೧೪೨. ಸರ್ಪ ಅರಮನೆಯ ಮೆಟ್ಟಿಲ ಬಳಿ ಬುಸುಗುಟ್ಟಿತು. ಏಳರಿಂದ ಗುಣಿಸಿ ನೋಡಲು ಹೊತ್ತಿರಲಿಲ್ಲ.

"ಅಣ್ಣಾ, ಸಾಲು ಬದಲಾಗುವುದಿಲ್ಲ. ಪ್ರತಿ ಸಲ ಬೇರೊಂದು ಅಂಕಿ ಮುಂದೆ ಬಂದು ತಲೆಯಾಗುತ್ತದೆ, ಅಷ್ಟೇ. ಆರು ಅಂಕಿಗೆ ಆರೇ ತಲೆ, ಆರೂ ಮುಗಿದವು. ಏಳನೆಯ ತಲೆ ಎಲ್ಲಿಂದ ತರುತ್ತದೆ?"

ಮಲ್ಲಿದೇವ ತಂಗಿಯ ಮುಖ ನೋಡಿದ. "ನೀನೇ ಹೇಳು," ಎಂದ.

"ಏಳರಿಂದ!" ಎಂದು ಮಾಚಲೆ ಕೂಗಿದಳು.

ಹುರುಪೆಗಳು ಮಿನುಗಿದವು. ೯೯೯೯೯೯! ಎಲ್ಲೆಲ್ಲೂ ಒಂಬತ್ತು. ತಲೆ ಯಾವುದು, ಬಾಲ ಯಾವುದು ತಿಳಿಯದೆ ಸರ್ಪ ಗಕ್ಕನೆ ನಿಂತಿತು.

ಧೂಮಕೇಶ ಓಡಿಬಂದ. "ಸುತ್ತು! ನಿಲ್ಲಬೇಡ, ಸುತ್ತು!" ಸರ್ಪದ ಮೈ ಮತ್ತೆ ಅಲುಗಿತು.

"ಒಂದು ಕೂಡಿಸಿದೆ!" ಎಂದಳು ಮಾಚಲೆ.

ಹತ್ತು ಲಕ್ಷ! ಆರು ಹುರುಪೆಯಲ್ಲೂ ಸೊನ್ನೆ ಮೂಡಿತು. ಮುಂದಿನ ಒಂದಕ್ಕೆ ಜಾಗವೇ ಇರಲಿಲ್ಲ. ಸರ್ಪ ಬಿರಿದು ಬರೀ ಪೊರೆಯಾಗಿ ಬಿತ್ತು. ಮಾಂತ್ರಿಕನ ಪ್ರಾಣ ಅದರೊಳಗಿತ್ತು. ಅವನೂ ನಿಂತಲ್ಲೇ ಬೂದಿಯಾದ.

ರಾಣಿ ಬಾಗಿಲಲ್ಲೇ ಕುಸಿದು ಕೂತು, ಪಕ್ಕ ಬಂದು ಕೂತ ಮಗಳ ತೊಡೆಯ ಮೇಲೆ ತಲೆಯಿಟ್ಟಳು. ಬೀದಿಯಲ್ಲಿ, ಜಗಲಿಯಲ್ಲಿ, ಬಾವಿಕಟ್ಟೆಯಲ್ಲಿ ಊರಿಗೆ ಊರೇ ಮಲಗಿ ನಿದ್ದೆಹೋಯಿತು. ಎದ್ದ ಮೇಲೆ ಎಲ್ಲರೂ ಒಟ್ಟಾಗಿ ಕೋಟೆ ಕಟ್ಟಿ, ಹೊಲ ಉತ್ತು, ನೆಮ್ಮದಿಯಾಗಿ ಬಾಳಿದರು.