ಒಳಗೆ ಬಿಟ್ಟ ಬಟ್ಟೆ

ಗಿರಣಿಯವನು ಮೊದಲ ಸಲ ಅವಳ ಮನೆಗೆ ಬಂದಾಗ ಅವನ ಹುಬ್ಬಿನ ಮೇಲೆ ಹಿಟ್ಟಿತ್ತು, ಕಂಕುಳಲ್ಲಿ ದಪ್ಪ ಬಟ್ಟೆಯ ಸುತ್ತು ಇತ್ತು. ಒಳಗೆ ಕಾಲಿಡುವ ಮೊದಲು ಮರ್ಯಾದೆಯಿಂದ ಬೂಟು ಕೊಡವಿದ. ಹೊಸ್ತಿಲ ಮೇಲೆ ಎರಡು ಬಿಳಿ ಗುರುತು ಉಳಿದವು. ಅವಳು ಹೊಲಿಗೆ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆಯದೆ ಆ ಗುರುತನ್ನೇ ನೋಡಿದಳು.

ಹಿಟ್ಟಿನ ಚೀಲ ಹೊಲಿದು ಕೊಡಬೇಕು ಎಂದು ಕೇಳಿದ.

ಊರಿನ ಮದುವೆಯ ಉಡುಪೆಲ್ಲ ಅವಳ ಕೈಯಿಂದಲೇ ಹೋಗಬೇಕು. ಮೈ ತೆಳ್ಳಗೆ, ಮಾತು ಚುರುಕು. ಅದಕ್ಕೇ ಊರು ಅವಳನ್ನು ಸೂಜಿ ಎನ್ನುತ್ತಿತ್ತು, ಅವಳೂ ಆ ಹೆಸರನ್ನು ಪದಕದಂತೆ ಧರಿಸಿಕೊಂಡಿದ್ದಳು. ಅಂಥವಳ ಮುಂದೆ ಚೀಲದ ಬಟ್ಟೆ ಹಿಡಿದರೆ ಮೂಗಿನ ತುದಿಯಲ್ಲಿದ್ದ ಕೋಪ ಇನ್ನೆಲ್ಲಿಗೆ ಹೋಗಬೇಕು?

"ಚೀಲ ಹೊಲಿಯೋರು ಸಂತೆಯಲ್ಲಿ ಸಿಗ್ತಾರೆ," ಎಂದಳು.

"ಸಿಗ್ತಾರೆ. ಅವರ ಚೀಲದಿಂದ ಹಿಟ್ಟೂ ಸೋರುತ್ತೆ." ಅವನು ಅವಸರಪಡಲಿಲ್ಲ. "ನಮ್ಮಮ್ಮನಿಗೆ ಕಣ್ಣು ಮಂಜು. ಮೊನ್ನೆ ಯಾರದೋ ಅಂಗಿಯ ತೋಳು ಮುಟ್ಟಿ ನೋಡಿದವರು, ಈ ಹೊಲಿಗೇಲಿ ನೀರು ಕೂಡ ಇಳಿಯಲ್ಲ, ಯಾರು ಹೊಲಿದದ್ದು ಕೇಳು ಅಂದ್ರು. ಕೇಳಿದೆ. ಬಂದೆ."

ಪೆಡಲು ನಿಂತಿತು. ಒಳಕೋಣೆಯಲ್ಲಿ ಗುಂಡಿ ಹಚ್ಚುತ್ತಿದ್ದ ಚಿಕ್ಕಮ್ಮ ಕೆಮ್ಮಿದಳು. ಹೊಗಳೋಕೆ ಬಂದವನನ್ನು ಕಚ್ಚಿದೆಯಲ್ಲೇ ಎಂಬುದು ಆ ಕೆಮ್ಮಿನ ಅರ್ಥ. ಅವಳು ಬಟ್ಟೆಯನ್ನು ಕೈಗೆ ತೆಗೆದುಕೊಂಡು, ಬೆರಳಲ್ಲಿ ತಿಕ್ಕಿ ನೋಡಿ, ನೋಡೋಣ ಎಂದಳು.

ಅವಳ "ನೋಡೋಣ" ಎಂದರೆ ಬೇರೆಯವರು ಆಣೆ ಇಟ್ಟ ಹಾಗೆ. ದಾರಕ್ಕೆ ಮೇಣ ಎಳೆದಳು, ಅಂಚನ್ನು ಒಳಕ್ಕೆ ಮಡಿಸಿದಳು, ಅದರ ಮೇಲೆ ಹೊಲಿದು, ಮತ್ತೆ ಮಡಿಸಿ ಮತ್ತೆ ಹೊಲಿದಳು. ಚೀಲಕ್ಕೆ ಹಿಟ್ಟು ತುಂಬಿ, ಕೆಳಗೆ ಕಪ್ಪು ಬಟ್ಟೆ ಹಾಸಿ, ಅಂಗೈಯಿಂದ ಚೆನ್ನಾಗಿ ಬಡಿದಳು. ಕಪ್ಪು ಬಟ್ಟೆ ಕಪ್ಪಾಗಿಯೇ ಇತ್ತು.

ಚೀಲ ಒಯ್ಯಲು ಬಂದ ಗಿರಣಿಯವನು ತಾನೇ ಬೀಸಿದ ಗೋಧಿಯಲ್ಲಿ ತಾನೇ ಸುಟ್ಟ ಬ್ರೆಡ್ಡು ತಂದಿದ್ದ. ಅಮ್ಮನ ಕಣ್ಣು ಮಸುಕಾದ ಮೇಲೆ ಒಲೆ ಅವನದೇ. ಬ್ರೆಡ್ಡು ಇನ್ನೂ ಬೆಚ್ಚಗಿತ್ತು. ಅವಳು ಒಂದು ತುಂಡು ಮುರಿದಳು. ಮೇಲಿನ ಹೊರಪದರ ಒಣಗಿದ ಎಲೆಯಂತೆ ಸದ್ದು ಮಾಡಿತು, ಒಳಗಿನಿಂದ ಹಬೆ ಬಂತು. ನಿಧಾನವಾಗಿ ಅಗಿದಳು. ಅವನು ಅವಳ ದವಡೆಯನ್ನೇ ನೋಡುತ್ತ ನಿಂತ.

"ಉಪ್ಪು ಸ್ವಲ್ಪ ಕಡಿಮೆ," ಎಂದಳು.

ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವನು ಚೀಲ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. "ಈ ಮೂಲೆ ಕೂದಲೆಳೆಯಷ್ಟು ಓರೆ."

ಒಳಕೋಣೆಯಲ್ಲಿ ಚಿಕ್ಕಮ್ಮ ಬಾಯಿಗೆ ಸೆರಗಿನಂತೆ ಯಾವುದೋ ಗಿರಾಕಿಯ ಅಂಗಿಯ ತೋಳನ್ನು ಒತ್ತಿಕೊಂಡು ನಕ್ಕಳು.

ಅಲ್ಲಿಂದ ಹೀಗೇ ನಡೆಯಿತು. ಮರಗಳು ಎಲೆ ಉದುರಿಸಿದವು, ಬೆಳಗಿನ ಹೊತ್ತು ಕಿಟಕಿಯ ಗಾಜಿಗೆ ಮಂಜು ಕಟ್ಟತೊಡಗಿತು. ಅವನು ಚೀಲದ ಬಟ್ಟೆ ತರುವನು, ಜೊತೆಗೆ ಮುಚ್ಚಿದ ಪಾತ್ರೆ. ಕ್ಯಾರೆಟ್ ಸೂಪಿಗೆ ಮೆಣಸು ಜಾಸ್ತಿ ಎಂದಳು. ಸುಟ್ಟ ಕುಂಬಳಕಾಯಿಗೆ ಬೆಣ್ಣೆ ಸಾಲದು ಎಂದಳು. ಈರುಳ್ಳಿಯನ್ನು ಇನ್ನೊಂದು ಗಳಿಗೆ ಬಾಡಿಸಬಹುದಿತ್ತು ಎಂದಳು. ಅವನು ಪ್ರತಿ ಸಲವೂ ಚೀಲವನ್ನು ಬೆಳಕಿಗೆ ಹಿಡಿದು ಇಲ್ಲದ ಓರೆಯನ್ನು ಹುಡುಕುವನು, ಹುಡುಕುವ ನೆಪದಲ್ಲಿ ಚೀಲದ ಅಂಚಿನ ಮೇಲಿನಿಂದ ಅವಳನ್ನು ನೋಡುವನು. ಅವಳು ದಾರ ಪೋಣಿಸುವ ನೆಪದಲ್ಲಿ ಸೂಜಿಯ ಕಣ್ಣನ್ನು ಅವನ ಮುಖದ ನೇರಕ್ಕೆ ಹಿಡಿಯುವಳು. ದಾರ ಮಾತ್ರ ಎಷ್ಟು ಹೊತ್ತಾದರೂ ಒಳಗೆ ಹೋಗುತ್ತಿರಲಿಲ್ಲ.

ಅವನು ಹೋದ ಮೇಲೆ ಬ್ರೆಡ್ಡಿನ ತುದಿಯಿಂದ ಪಾತ್ರೆ ಒರೆಸಿ ತಿನ್ನುತ್ತಿದ್ದವಳೂ ಅವಳೇ.

ಹೊಗಳಿಕೆ ಅವಳ ಬಾಯಿಗೆ ಬರುತ್ತಿರಲಿಲ್ಲ, ಅಷ್ಟೆ. ಚಿಕ್ಕಮ್ಮ ಕೆಲಸ ಕಲಿಸಿದ್ದೇ ಹಾಗೆ. ತಪ್ಪಾದರೆ ಹೊಲಿಗೆ ಬಿಚ್ಚಿ ಮಡಿಲಿಗೆ ಹಾಕುವಳು, ಸರಿಯಾದರೆ ಏನೂ ಅನ್ನದೆ ಮುಂದಿನ ಬಟ್ಟೆ ಕೊಡುವಳು. ಆ ಮೌನವೇ ದೊಡ್ಡ ಮಾತು ಎಂದು ಸೂಜಿ ಬೆಳೆದಿದ್ದಳು. ಮದುವಣಗಿತ್ತಿಯರು ಕನ್ನಡಿಯ ಮುಂದೆ ನಿಂತು ಕಣ್ಣು ತುಂಬಿಕೊಂಡಾಗಲೂ ಅವಳು ಗುಂಡುಪಿನ್ನು ಎಣಿಸುತ್ತ ನಿಲ್ಲುವಳು.

ಒಮ್ಮೆ ಅವನು ಒಂದು ಚೀಲ ಗೋಧಿ ಹೊಟ್ಟು ತಂದು ಸುಮ್ಮನೆ ಮೂಲೆಯಲ್ಲಿಟ್ಟು ಹೋದ. ಅವಳು ಉಳಿದ ಚೂರು ಬಟ್ಟೆಗಳಿಂದ ತೋಳಿನುದ್ದದ ಕೊಳವೆ ಹೊಲಿದು, ಹೊಟ್ಟು ತುಂಬಿ, ಬಾಗಿಲ ಕೆಳಗಿನ ಸಂದಿಗೆ ಗಾಳಿ ಬಾರದಂತೆ ಇಡುವ ಬಟ್ಟೆಯ ಹಾವು ಮಾಡಿದಳು. ಕಣ್ಣಿಗೆ ಎರಡು ಬೇರೆಬೇರೆ ಗುಂಡಿ. ಅದನ್ನು ಅವನ ಅಮ್ಮನಿಗೆ ಕಳಿಸಿದಳು. ಅಮ್ಮ ಹಾವನ್ನು ಬಾಗಿಲಿಗೆ ಇಡಲೇ ಇಲ್ಲವಂತೆ. ಮಡಿಲಲ್ಲಿಟ್ಟುಕೊಂಡು ಬೆಕ್ಕಿನ ಹಾಗೆ ಸವರುತ್ತಾಳೆ, ಗಾಳಿಯೆಲ್ಲ ನನ್ನ ಕಾಲಿಗೆ ಎಂದು ಅವನು ದೂರು ಹೇಳಿದ. ಹೇಳುವಾಗ ಮುಖ ಅರಳಿತ್ತು.

ಅವಳಿಗೆ ಒಂದು ಕಂದು ಉಲನ್ ಕೋಟಿತ್ತು. ಅವಳು ಮೊದಲ ಉಡುಪನ್ನು ಒಬ್ಬಳೇ ಮುಗಿಸಿದ ವರ್ಷ ಚಿಕ್ಕಮ್ಮ ಕತ್ತರಿಸಿ ಹೊಲಿದದ್ದು. ಎರಡೂ ಪಕ್ಕದ ಹೊಲಿಗೆಯ ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದಳು. ಮೈ ಅಂದ ಮೇಲೆ ಬದಲಾಗುತ್ತದೆ, ಬೇಕಾದಾಗ ಬಿಚ್ಚಿ ಅಗಲ ಮಾಡಿಕೋ ಎಂದಿದ್ದಳು. ಅದನ್ನು ಬಿಚ್ಚುವ ಪ್ರಸಂಗವೇ ಬಂದಿರಲಿಲ್ಲ. ಟೇಪು ಹಿಡಿದಾಗಲೆಲ್ಲ ಅದೇ ಅಳತೆ, ಸೂಜಿ ಸೂಜಿಯೇ. ಅದೂ ಅವಳ ಜಂಭಗಳಲ್ಲಿ ಒಂದು.

ಆ ಚಳಿಗಾಲದ ಒಂದು ಬೆಳಿಗ್ಗೆ ಕೋಟಿನ ಗುಂಡಿ ಕಾಜಕ್ಕೆ ಮುಟ್ಟಲಿಲ್ಲ.

ಅವಳು ಬಾಗಿಲು ಹಾಕಿಕೊಂಡು ಪಕ್ಕದ ಹೊಲಿಗೆ ಬಿಚ್ಚಿದಳು, ಒಳಗಿನ ಬಟ್ಟೆಯನ್ನು ಸ್ವಲ್ಪ ಹೊರಗೆ ಬಿಟ್ಟು ಹೊಲಿದಳು, ಇಸ್ತ್ರಿ ಮಾಡಿದಳು. ಹೊರಗಿನ ಉಲನ್ ವರ್ಷಗಳ ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಒಳಗಿನದು ಬಿಸಿಲನ್ನೇ ಕಂಡಿರಲಿಲ್ಲ. ಎರಡೂ ಪಕ್ಕದಲ್ಲಿ ಕಂಕುಳಿನಿಂದ ಕೆಳಕ್ಕೆ ಕಡುಕಂದು ಪಟ್ಟಿಯೊಂದು ಹೊಸದಾಗಿ ಎದ್ದು ಕಂಡಿತು. ಚಳಿ ಕಡಿಮೆಯಾಗುವ ಮೊದಲೇ ಇನ್ನೊಂದು ಸಲ ಬಿಚ್ಚಬೇಕಾಯಿತು, ಪಟ್ಟಿ ಇನ್ನಷ್ಟು ಅಗಲವಾಯಿತು. ಮೇಲೆ ಶಾಲು ಹೊದ್ದು ಓಡಾಡಿದಳು. ಚಿಕ್ಕಮ್ಮ ಕಂಡೂ ಕಾಣದಂತೆ ಇದ್ದಳು, ನಗುವನ್ನು ಮಾತ್ರ ಕೆನ್ನೆಯಲ್ಲೇ ಇಟ್ಟುಕೊಂಡು.

ಹೀಗಿರುವಾಗ ಅವನು ಸೇಬಿನ ಜಾಮ್ ತಂದ. ಇಡೀ ದಿನ ಒಲೆಯ ಮುಂದೆ ನಿಂತು ಕಲಕಿದ್ದು. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಅವನು ಅಂದು ಶರ್ಟಿನ ತೋಳು ಇಳಿಸಿಕೊಂಡಿದ್ದ, ಹುಬ್ಬಿನ ಹಿಟ್ಟು ತೊಳೆದಿದ್ದ. ಅವಳು ಚಮಚದ ತುದಿಯಲ್ಲಿ ರುಚಿ ನೋಡಿದಳು. ನಾಲಿಗೆಯ ಮೇಲೆ ಸೇಬು ಕರಗಿತು, ಎದೆಯಲ್ಲೂ ಏನೋ ಕರಗಿತು. ಬಾಯಿಗೆ ಬಂದದ್ದು ಮಾತ್ರ ಹಳೆಯ ಮಾತೇ.

"ಸ್ವಲ್ಪ ಗಟ್ಟಿಯಾಗಿದೆ."

ಅವನು ಈ ಸಲ ಚೀಲ ಎತ್ತಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ.

"ಒಂದು ಸಲ ಚೆನ್ನಾಗಿದೆ ಅಂದ್ರೆ, ಇವತ್ತು ನಿಮ್ಮನ್ನ ಬೇರೆ ಒಂದು ಮಾತು ಕೇಳಬೇಕು ಅಂತ ಬಂದಿದ್ದೆ," ಎಂದ. "ಬ್ರೆಡ್ಡೇ ಹಿಡಿಸದವರಿಗೆ ಬ್ರೆಡ್ಡು ಸುಡೋನು ಹೇಗೆ ಹಿಡಿಸ್ತಾನೆ? ನನಗೂ ಮಾನ ಇದೆ."

ಇನ್ನು ಚೀಲಗಳನ್ನು ಸಂತೆಯಲ್ಲೇ ಹೊಲಿಸುತ್ತೇನೆ, ಕೈಯಲ್ಲಿರುವುದನ್ನು ಮುಗಿಸಿದರೆ ಸಾಕು ಎಂದು ಸಾವಧಾನವಾಗಿ ಹೇಳಿ, ಹೊಸ್ತಿಲಲ್ಲಿ ಬೂಟು ಕೊಡವದೆ ಹೋದ.

ಆಮೇಲೆ ಆ ಮನೆಯಲ್ಲಿ ಅಡುಗೆ ಎಂದರೆ ಬೇಯಿಸಿದ ಆಲೂಗಡ್ಡೆ. ಚಿಕ್ಕಮ್ಮ ಬೇಯಿಸಿದರೆ ಗಂಜಿಯಾಗುವುದು, ಅವಳು ಬೇಯಿಸಿದರೆ ಮೆಷಿನ್ ಎಣ್ಣೆಯ ವಾಸನೆ. ಜಾಮಿನ ಬಾಟಲಿ ಕಿಟಕಿಯಲ್ಲಿ ಕೂತಿತ್ತು. ಅವಳು ದಿನವೂ ಅದರ ಧೂಳು ಒರೆಸಿದಳು, ಮುಚ್ಚಳ ತೆರೆಯಲಿಲ್ಲ. ಕೋಟು ನಿಧಾನವಾಗಿ ಸಡಿಲವಾಯಿತು.

ಚಿಕ್ಕಮ್ಮ ಒಂದು ದಿನ ಕೋಟಿನ ಪಕ್ಕವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಹೊಲಿಗೆಯನ್ನು ಮತ್ತೆ ಒಳಗೆ ಹಿಡಿಯೋಣವಾ ಎಂದು ಕೇಳಿದಳು.

"ಬೇಡ."

ಆ ಮಾತು ಎಷ್ಟು ಬೇಗ ಬಂತೆಂದರೆ ಇಬ್ಬರೂ ಬೆಚ್ಚಿದರು.

"ಬೇಡ ಅನ್ನೋದನ್ನ ನನ್ನ ಹತ್ರ ಹೇಳಿದ್ರೆ ಆಯ್ತಾ?" ಎಂದಳು ಚಿಕ್ಕಮ್ಮ. "ಅವನಿಗೆ ಗೊತ್ತಾಗಬೇಡವಾ?"

ತನ್ನ ಬಾಯಿಗೆ ಅಂಥ ಮಾತು ಬರುವುದಿಲ್ಲ ಎಂದು ಸೂಜಿ ತಲೆ ತಗ್ಗಿಸಿದಳು. ಚಿಕ್ಕಮ್ಮ ಕೋಟಿನ ಪಕ್ಕವನ್ನು ಅಂಗೈಯಿಂದ ಸವರಿ, ನನಗೂ ಬರುತ್ತಿರಲಿಲ್ಲ ಎಂದಳು. ಬಾಯಿಗೆ ಬಾರದ್ದನ್ನೇ ನಿನ್ನ ಕೋಟಿನ ಒಳಗೆ ಎರಡು ಬೆರಳು ಬಿಟ್ಟು ಹೊಲಿದದ್ದು. ಹೋಗಿ ಅದನ್ನೇ ತೋರಿಸು ಎಂದಳು.

ಮಾರನೆಯ ಬೆಳಿಗ್ಗೆ ಉಳಿದ ಚೀಲಗಳನ್ನು ಹೊತ್ತು ಸೂಜಿ ಗಿರಣಿಗೆ ಹೋದಳು. ಒಳಗೆ ಕಲ್ಲು ಗುಡುಗುತ್ತಿತ್ತು, ಗಾಳಿಯೇ ಬೆಳ್ಳಗಿತ್ತು. ಹಿಂದಿನ ಕೋಣೆಯ ಒಲೆಯ ಪಕ್ಕ ಅವನ ಅಮ್ಮ, ಮಡಿಲಲ್ಲಿ ಹೊಟ್ಟಿನ ಹಾವು. ಅವನು ಗೋಧಿ ಸುರಿಯುತ್ತಿದ್ದವನು ತಿರುಗಿ ನೋಡಿ, ಅಲ್ಲೇ ಇಡಿ ಎಂದು ಕಣ್ಣಲ್ಲೇ ಹೇಳಿ, ಮತ್ತೆ ಗೋಧಿಗೆ ತಿರುಗಿದ.

ಅವಳು ಚೀಲ ಇಟ್ಟಳು. ಶಾಲು ತೆಗೆದು ಗೋಡೆಯ ಮೊಳೆಗೆ ಹಾಕಿದಳು. ಕಿಟಕಿಯ ಬೆಳಕಿಗೆ ಪಕ್ಕವಾಗಿ, ತೋಳು ಸ್ವಲ್ಪ ಎತ್ತಿ ನಿಂತಳು. ಅವನು ಅವಳ ಚೀಲಗಳನ್ನು ಬೆಳಕಿಗೆ ಹಿಡಿಯುತ್ತಿದ್ದಂತೆ ಅವಳು ತನ್ನನ್ನೇ ಬೆಳಕಿಗೆ ಹಿಡಿದಿದ್ದಳು. ಕಿವಿ ಕೆಂಪಾಗಿತ್ತು, ಬೆನ್ನು ನೆಟ್ಟಗಿತ್ತು.

ಅವನು ನೋಡಿದ. ಕಡುಕಂದು ಪಟ್ಟಿ ನೋಡಿ ಗಾಬರಿಯಾದ. ಕೋಟು ಹರಿದಿದೆಯಾ, ಎಲ್ಲಿಯಾದರೂ ಬಿದ್ದಿರಾ ಎಂದು ಕೇಳಿದ.

"ಬಾಮ್ಮ ಇಲ್ಲಿ," ಎಂದು ಅಮ್ಮ ಕೈ ಚಾಚಿದಳು.

ಮುದುಕಿಯ ಬೆರಳು ಪಕ್ಕದ ಹೊಲಿಗೆಯನ್ನು ಹಿಡಿದು ಇಳಿಯಿತು, ಹತ್ತಿತು, ಹಿಂದಿನ ಹೊಲಿಗೆ ಬಿಟ್ಟುಹೋದ ಸೂಜಿತೂತುಗಳ ಮೇಲೆ ನಿಂತಿತು. ಇನ್ನೊಂದು ಸಾಲು ಸಿಕ್ಕಿತು. ಹುಬ್ಬು ಮೇಲೇರಿತು.

"ಇದು ಹರಿದಿದ್ದಲ್ಲ ಕಣೋ ಪೆದ್ದ. ಎರಡು ಸಲ ಬಿಚ್ಚಿ ಅಗಲ ಮಾಡಿದ್ದು. ಈ ಹುಡುಗಿ ಸೂಜಿಯ ಹಾಗಿದ್ದಳು ಅಂತ ನೀನೇ ಹೇಳ್ತಿದ್ದೆಯಲ್ಲ. ಇದು ನಿನ್ನ ಬ್ರೆಡ್ಡು, ನಿನ್ನ ಸೂಪು. ಇಲ್ಲಿ ನನ್ನ ಕೈಯಲ್ಲೇ ಇದೆ."

ಅವನು ಹೋಗಿ ಗಿರಣಿಯನ್ನು ನಿಲ್ಲಿಸಿದ. ಕಲ್ಲಿನ ಸದ್ದು ಇಳಿದು ಇಳಿದು ನಿಂತಿತು. ಬೆಳಕಿನ ಕೋಲಿನಲ್ಲಿ ಹಿಟ್ಟು ಮಾತ್ರ ತೇಲುತ್ತಿತ್ತು.

"ಉಪ್ಪು?" ಎಂದು ಕೇಳಿದ.

"ಸರಿಯಾಗಿತ್ತು." ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಮೊದಲ ದಿನದಿಂದಲೂ." ಆಮೇಲೆ ಸ್ವಲ್ಪ ಯೋಚಿಸಿದಳು. "ಜಾಮ್ ಮಾತ್ರ ನಿಜವಾಗ್ಲೂ ಗಟ್ಟಿ."

"ನಾನೂ ಅದೇ ಹೇಳಿದ್ದೆ," ಎಂದಳು ಅಮ್ಮ.

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತಪ್ಪೊಪ್ಪಿಕೊಂಡ: ಆ ಚೀಲದ ಮೂಲೆ ಓರೆ ಇರಲಿಲ್ಲ, ಯಾವ ಚೀಲದ್ದೂ ಇರಲಿಲ್ಲ.

"ಗೊತ್ತು," ಎಂದಳು ಸೂಜಿ.

ಅವನು ಹತ್ತಿರ ಬಂದ. ಹಿಟ್ಟಿನ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಆ ಕಡು ಪಟ್ಟಿಯ ಅಂಚನ್ನು ಮುಟ್ಟಿಯೂ ಮುಟ್ಟದಂತೆ ಮುಟ್ಟಿದ.

"ಒಳಗೆ ಇನ್ನೂ ಎಷ್ಟು ಬಟ್ಟೆ ಉಳಿದಿದೆ?"

"ಅರ್ಧ ಬೆರಳು."

"ನಾನು ಕೇಳಬೇಕು ಅಂತಿರೋದು ಜೀವನಪೂರ್ತಿದು. ಅಷ್ಟು ಬಟ್ಟೆ ಸಾಲಲ್ಲ."

"ಸಾಲದಿದ್ರೆ ಹೊಸ ಕೋಟು ಹೊಲ್ಕೊಳ್ತೀನಿ," ಎಂದಳು. "ಹೊಲಿಯೋಳು ನಾನೇ ತಾನೇ. ಈ ಸಲ ಒಳಗೆ ಧಾರಾಳವಾಗಿ ಬಿಡ್ತೀನಿ."

ಅಮ್ಮ ಹೊಟ್ಟಿನ ಹಾವನ್ನು ಎದೆಗೆ ಒತ್ತಿಕೊಂಡು, ಒಲೆಯ ಕಡೆಗೆ ಮುಖ ತಿರುಗಿಸಿ ಕೂತಳು.

ಚಿಕ್ಕಮ್ಮನಿಗೆ ಹೇಳಲೆಂದು ಇಬ್ಬರೂ ಒಟ್ಟಿಗೆ ಹೊರಟರು. ಶಾಲು ಗಿರಣಿಯ ಮೊಳೆಯಲ್ಲೇ ಉಳಿಯಿತು. ಅವನು ನೆನಪಿಸಿದ, ಅವಳು ಇರಲಿ ಎಂದಳು. ಊರಿನ ದೊಡ್ಡ ಬೀದಿಯಲ್ಲಿ ಕಿಟಕಿಗಳು ತೆರೆದಿದ್ದವು, ಕಿಟಕಿಗಳಲ್ಲಿ ಅವಳು ಹೊಲಿದ ಪರದೆಗಳು, ಪರದೆಗಳ ಹಿಂದೆ ಅವಳು ಹೊಲಿದ ಉಡುಪು ತೊಟ್ಟ ಹೆಂಗಸರು. ಹೊಲಿಗೆ ಬಿಚ್ಚಿದ ಗುರುತು ಎಂಥದ್ದು ಎಂಬುದು ಅವರಲ್ಲಿ ಒಬ್ಬಳಿಗೂ ತಿಳಿಯದ್ದಲ್ಲ. ಪಟ್ಟಿಯನ್ನು ನೋಡಿದರು, ಪಕ್ಕದಲ್ಲಿ ನಡೆಯುವ ಗಿರಣಿಯವನನ್ನು ನೋಡಿದರು, ಮತ್ತೆ ಪಟ್ಟಿಯನ್ನು ನೋಡಿದರು.

ಅಂಚೆಯವನ ಹೆಂಡತಿಗೆ ತಡೆದುಕೊಳ್ಳಲಾಗಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಏನೇ ಸೂಜಿ, ಕೋಟು ಬಿಚ್ಚಿ ಹೊಲಿದ್ಯಾ?" ಎಂದಳು.

"ಎರಡು ಸಲ," ಎಂದಳು ಸೂಜಿ. ಚೆನ್ನಾಗಿ ಕಾಣಲಿ ಎಂದು ತೋಳನ್ನೆತ್ತಿ ಅವನ ತೋಳಿಗೆ ಸೇರಿಸಿಕೊಂಡು, ನಿಧಾನವಾಗಿ ಮುಂದೆ ನಡೆದಳು.