ನೆರಿಗೆಯೊಳಗಿನ ಹಸಿರು

ಚರ್ರ್‌...!

ಬಟ್ಟೆ ಹರಿದ ಸದ್ದು, ಅಂಗಡಿಯ ಬಾಗಿಲು ತೆರೆದ ಸದ್ದು, ಎರಡೂ ಒಂದೇ ಗಳಿಗೆಗೆ!

"ಅಯ್ಯೋ, ನಿಲ್ಲಿಸ್ರೀ! ಅದು ನಮ್ಮಮ್ಮ ನೇಯ್ದ ಕೊನೇ ಬಟ್ಟೆ!"

ಇಶ್‌ಬೆಲ್ ಬೆಚ್ಚಿಬಿದ್ದಳು. ಅಂಗಡಿಯಲ್ಲಿ ಹೊಲಿಯುವ ಅವಳ ಕೈಯಲ್ಲಿ ಉದ್ದಕ್ಕೆ ಸೀಳಿದ ಚೌಕಳಿ ಉಣ್ಣೆ: ಹಸಿರು, ನೀಲಿ, ನಡುವೆ ಬಿಳಿ, ಹಳದಿ ಗೆರೆ. ಬಾಗಿಲಲ್ಲಿ ಅಳತೆ ಕೊಡಲು ಬಂದ ಲಾಕ್ಲನ್. ತಂಗಿಯ ಮದುವೆಗೆ ಅವನು ಉಡಬೇಕಾದ ಗಂಡಸರ ನೆರಿಗೆ ಲಂಗದ, ಅಂದರೆ ಕಿಲ್ಟ್‌ನ ಬಟ್ಟೆ ಅದು. ನೇಯ್ದ ತಾಯಿಯೂ ಇಲ್ಲ, ಅವಳು ದುಡಿಯುತ್ತಿದ್ದ ಗಿರಣಿಯೂ ಮುಚ್ಚಿದೆ.

"ನಾನೇನು ಹುಚ್ಚೀನಾ?" ಅವಳು ಸೀಳಿದ ಅಂಚನ್ನು ಎತ್ತಿ ತೋರಿಸಿದಳು. "ಎರಡರಷ್ಟು ಅಗಲದ ಬಟ್ಟೆ ಇದು. ನಡುವೆ ಸೀಳಿ, ತುದಿಗೆ ತುದಿ ಜೋಡಿಸದಿದ್ರೆ ಕಿಲ್ಟ್ ಹೇಗ್ರೀ ಆಗುತ್ತೆ? ಕತ್ತರಿ ಹಾಕಿದ್ರೆ ಓರೆ ಹೋಗುತ್ತೆ. ಅದಕ್ಕೇ ಕೈಯಲ್ಲಿ ಸೀಳೋದು!"

ಒಳಗಿನಿಂದ ಅಂಗಡಿಯ ಒಡತಿ ಎಫಿ ಅತ್ತೆ ನಕ್ಕಳು. "ನಿಮ್ಮಪ್ಪನೂ ಇದೇ ಬಾಗಿಲಲ್ಲಿ ನಿಂತು ಹೀಗೇ ಕಿರುಚಿದ್ದ ಕಣೋ. ನಿಮ್ಮ ಮನೇಲಿ ಎಲ್ಲರಿಗೂ ಗುಂಡಿಗೆ ಚಿಕ್ಕದು, ಗಂಟಲು ದೊಡ್ಡದು!"

ಲಾಕ್ಲನ್ ಟೋಪಿ ತೆಗೆದ. "ತಪ್ಪಾಯ್ತು ರೀ... ಒಂದೇ ಒಂದು ಆಸೆ. ಹಿಂಬದೀಲಿ ಅಮ್ಮನ ಚೌಕಳಿ ಇಡಿಯಾಗಿ ಕಾಣಬೇಕು. ತಂಗಿ ಕೈ ಹಿಡಿದು ಇಗರ್ಜಿಯೊಳಗೆ ಹೋಗುವಾಗ ಊರು ನೋಡೋದು ನನ್ನ ಬೆನ್ನೇ ಅಲ್ವಾ?"

ಅಂದಿನಿಂದ ಅವನು ರೈಲ್ವೆ ಕೆಲಸ ಮುಗಿಸಿ ದಿನಾ ಸಂಜೆ ಬರತೊಡಗಿದ. ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದ. ಅವಳು ಮೆಲ್ಲಗೆ ಕೀರ್ತನೆ ಗುನುಗಿದರೆ, ಕೆಳದನಿಯಲ್ಲಿ ಜೊತೆಗೂಡುತ್ತಿದ್ದ. ಅವನ ಹೆಜ್ಜೆ ಕೇಳಿದರೆ ಸಾಕು, ಅವಳ ಬೆರಳು ತಡವರಿಸುತ್ತಿತ್ತು...

ಆದರೆ ಆ ಬಟ್ಟೆಯ ಒಂದೊಂದು ಚೌಕಳಿಯೂ ಮೊಳದುದ್ದ! ಹಿಂದೆ ಇಡಿಯಾಗಿ ಕಾಣಬೇಕಾದರೆ ಒಂದೊಂದು ನೆರಿಗೆಯೂ ಒಂದೊಂದು ಪೂರ್ತಿ ಚೌಕಳಿಯನ್ನು ನುಂಗಬೇಕು. ಇಶ್‌ಬೆಲ್ ಗುಂಡುಸೂಜಿ ಚುಚ್ಚಿದಳು, ಕಿತ್ತಳು, ಮತ್ತೆ ಚುಚ್ಚಿದಳು. ಹಿಂಬದಿಯ ಅರ್ಧಕ್ಕೇ ಬಟ್ಟೆ ಮುಗಿದುಹೋಗುತ್ತಿತ್ತು.

ಕೊನೆಗೆ ಹೇಳಲೇಬೇಕಾಯಿತು. "ಬಟ್ಟೆ ಸಾಲಲ್ಲ ರೀ. ಅರ್ಧ ಚೌಕಳಿಗೊಂದು ನೆರಿಗೆ ಹಿಡೀತೀನಿ. ಒಂದರ ಮೇಲೆ ಬಿಳಿ ಗೆರೆ, ಪಕ್ಕದ್ದರ ಮೇಲೆ ಹಳದಿ ಗೆರೆ. ಅಮ್ಮನ ಹಸಿರು, ನೀಲಿ... ಒಳಗೆ ಹೋಗುತ್ತೆ."

ಅವನು ಬಟ್ಟೆಯನ್ನೊಮ್ಮೆ ಸವರಿದ. ಟೋಪಿ ಹಾಕಿಕೊಂಡು ಹೊರಟುಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಭಾನುವಾರ ಇಗರ್ಜಿಯಲ್ಲಿ ಅವನ ಜಾಗ ಖಾಲಿ!

'ನನ್ನ ಮುಖ ನೋಡೋದೂ ಬೇಡವಾಯ್ತಾ?' ಒಳಗೊಳಗೇ ಅಳುತ್ತಲೇ ಅವಳು ಹೊಲಿದು ಮುಗಿಸಿದಳು.

ಮದುವೆಯ ಹಿಂದಿನ ದಿನ ಅವನು ಬಂದ. ಉಟ್ಟು ನಿಂತ. ಹಿಂಬದಿಗೆ ಬಿಳಿ, ಹಳದಿ, ಬಿಳಿ, ಹಳದಿ... ಅಷ್ಟೇ. ಇಶ್‌ಬೆಲ್ ನೆರಿಗೆ ಸರಿಪಡಿಸುತ್ತ ಅವನ ಮುಖ ನೋಡಿದಳು.

"ಕಂಬದ ಹಾಗೆ ನಿಂತ್ರೆ ಏನು ಕಾಣುತ್ತೋ? ನಡಿ!" ಎಂದು ಎಫಿ ಅತ್ತೆ ಅವನ ಹಿಂದೆ ನಿಲುಗನ್ನಡಿ ಸರಿಸಿದಳು.

ಅವನು ಹೆಜ್ಜೆ ಇಟ್ಟ. ನೆರಿಗೆಗಳು ಬಿಚ್ಚಿಕೊಂಡವು. ಒಳಗಿನಿಂದ ಹಸಿರು ಉಕ್ಕಿತು, ನೀಲಿ ಉಕ್ಕಿತು. ಅಡಗಿದವು, ಮತ್ತೆ ಉಕ್ಕಿದವು! ಹೊರಳಿ ನೋಡಿದವನ ಕಣ್ಣು ತುಂಬಿತು.

"ಅಮ್ಮ... ಪೂರ್ತಿ ಇದ್ದಾಳೆ!"

ಇಶ್‌ಬೆಲ್‌ಗೆ ಹೋದ ಜೀವ ಬಂದಂತಾಯಿತು. "ನನ್ನ ಮೇಲೆ ಸಿಟ್ಟಾಗಿದ್ರಲ್ಲ?"

"ಸಿಟ್ಟಾ? ಅಮ್ಮ ಹೋದಾಗಲೂ ಅಳದವನು, ಆವತ್ತು ನಿಮ್ಮೆದುರು ಅತ್ತುಬಿಡ್ತಿದ್ದೆ. ನಾಚಿಕೆಯಾಯ್ತು. ದಿನಾ ರಾತ್ರಿ, ನೀವು ಮನೆಗೆ ಹೋದ ಮೇಲೆ, ಬಾಗಿಲ ತನಕ ಬಂದು ವಾಪಸ್ ಹೋಗ್ತಿದ್ದೆ."

"ನಿನ್ನ ಬೂಟಿನ ಸದ್ದಿಗೆ ನನ್ನ ಬೆಕ್ಕು ಮಂಚದಡಿ ಸೇರಿತ್ತು," ಎನ್ನುತ್ತ ಎಫಿ ಅತ್ತೆ ಚಹಾದ ನೆಪ ಮಾಡಿ ಒಳಗೆ ಹೋದಳು.

"ಇಶ್‌ಬೆಲ್... ನಾನೂ ಈ ಕಿಲ್ಟ್ ಥರಾನೇ. ಸುಮ್ನೆ ನಿಂತಾಗ ಒಳಗಿರೋದು ಕಾಣಲ್ಲ. ನನ್ನ ಜೊತೆ ನಡೀತೀಯಾ?"

ಅವಳು ಕಣ್ಣೀರಲ್ಲೇ ನಕ್ಕಳು. "ನಡೀತೀನಿ. ಆದ್ರೆ ಇನ್ಮೇಲೆ ನಾನು ಬಟ್ಟೆ ಸೀಳುವಾಗ ಕಿರುಚಬಾರದು."

"ಕಿವಿ ಮುಚ್ಕೊಂಡು ನಿಂತಿರ್ತೀನಿ."

"ಎಲ್ಲಿ?"

"ನಿನ್ನ ಪಕ್ಕದಲ್ಲೇ."