ನೆರೆಗೆ ಎಷ್ಟು ಅಂಕ?

ನಡುವೆ ಒಂದು ರಟ್ಟಿನ ಅಡ್ಡಗೋಡೆ. ಆಚೆ ಸ್ಟುಡಿಯೋದವರು, ಈಚೆ ಟೈಲರಮ್ಮ. ಅವರ ಫೋಟೊ ಸ್ಟುಡಿಯೋ ಮುಚ್ಚಿ ಹೋಗಿತ್ತು. ಇವಳ ಮೊಣಕಾಲು ಹೊಲಿಗೆ ಮಿಷನ್ ತುಳಿಯಲು ಒಲ್ಲೆನೆಂದಿತ್ತು. ಒಂಟಿ ಜೀವಗಳೆರಡೂ ಹೊಟ್ಟೆಪಾಡಿಗೆ ಈ ಕಚೇರಿ ಸೇರಿದ್ದವು.

ಕೆಲಸ ಇಷ್ಟೇ: ಯಾರೋ ಒಂದು ಪದ ಹಾಕಿ ಚಿತ್ರ ಹುಡುಕುತ್ತಾರೆ. ಕಂಪ್ಯೂಟರು ಚಿತ್ರಗಳನ್ನು ಮೇಲಿಂದ ಕೆಳಕ್ಕೆ ಜೋಡಿಸುತ್ತದೆ. ಜೋಡಣೆ ಎಷ್ಟು ಸರಿಯೆಂದು ಅಳೆಯಲು ಇವರಿಬ್ಬರೂ ಪ್ರತಿ ಚಿತ್ರಕ್ಕೆ ಅಂಕ ಕೊಡಬೇಕು: ಒಪ್ಪುವಂಥದ್ದಕ್ಕೆ ಮೂರು, ಸಂಬಂಧವಿಲ್ಲದ್ದಕ್ಕೆ ಸೊನ್ನೆ. ಒಬ್ಬರದನ್ನು ಒಬ್ಬರು ನೋಡುವಂತಿಲ್ಲ.

ಅಂದು ಬಂದ ಪದ ‘ನೆರೆ’. ಸ್ಟುಡಿಯೋದವರು ಉಕ್ಕಿದ ಹೊಳೆಗೆಲ್ಲ ಮೂರು ಕೊಟ್ಟು, ಬಿಳಿಕೂದಲಿಗೆ ಸೊನ್ನೆ ಸುತ್ತಿದರು. ಬೆಳಿಗ್ಗೆಯಷ್ಟೇ ಕನ್ನಡಿಯಲ್ಲಿ ತನ್ನ ನೆರೆತ ಕೂದಲು ನೋಡಿ ಬಂದಿದ್ದ ಇವಳದು ತದ್ವಿರುದ್ಧ.

ಮಗಳ ವಯಸ್ಸಿನ ಸೂಪರ್‌ವೈಸರ್ ತಲೆ ಚಚ್ಚಿಕೊಂಡಳು. “ಎತ್ತು ಏರಿಗೆ, ಕೋಣ ನೀರಿಗೆ ಅಂದಹಾಗಾಯ್ತು! ಅಂಕಲ್‌ಗೆ ಬರೀ ಹೊಳೆ, ಆಂಟಿಗೆ ಬರೀ ಬಿಳಿಕೂದಲು! ನಿಮ್ಮಿಬ್ಬರ ಅಂಕ ಹೀಗೆ ಹೊಂದದಿದ್ರೆ ಅಂಕಲ್‌ರನ್ನ ಮೇಲಿನ ಮಹಡಿಗೆ ಹಾಕ್ತೀನಿ.”

ಟೈಲರಮ್ಮ ಅಡ್ಡಗೋಡೆಯತ್ತ ಒಮ್ಮೆ ನೋಡಿದಳು. ಆದರೂ ಚಹಾದ ಹೊತ್ತಿಗೆ ಬಾಯಿ ಸುಮ್ಮನಿರಲಿಲ್ಲ.

“ಏನ್ರೀ, ನಿಮ್ಮ ತಲೇಲಿ ಬರೀ ನೀರೇನಾ?”

“ನಿಮ್ಮ ತಲೇಲಿ ಬೆಳ್ಳಿ ಎಳೆ ಇದೆ. ಕಿವಿ ಹಿಂದೆ. ಚೆನ್ನಾಗಿದೆ.”

“ಓಹೋ, ಅಷ್ಟು ಹತ್ತಿರದಿಂದ ನೋಡ್ತೀರಾ?”

ಅವರು ಲೋಟದೊಳಗೆ ಮುಖ ಮುಳುಗಿಸಿದರು.

ಅದೇ ಪದ ಮತ್ತೆ ಬಂತು. ಟೈಲರಮ್ಮ ಮನಸ್ಸು ಕಲ್ಲು ಮಾಡಿಕೊಂಡು ಹೊಳೆಗೆಲ್ಲ ಮೂರು ಹಾಕಿದಳು, ಕೂದಲಿಗೆ ಸೊನ್ನೆ. ಸುಳ್ಳಾದರೇನು, ಅಡ್ಡಗೋಡೆಯಾಚೆ ಅವರ ಕೆಮ್ಮು ಅಲ್ಲೇ ಇದ್ದರೆ ಸಾಕು.

ಸೂಪರ್‌ವೈಸರ್ ಕಣ್ಣರಳಿಸಿದಳು. “ಇದೇನು ಅಂಕಲ್? ಈಗ ನೀವು ಕೂದಲಿಗೆ ಮೂರು, ಆಂಟಿ ಹೊಳೆಗೆ ಮೂರು!”

ಇಬ್ಬರೂ ಅಡ್ಡಗೋಡೆಯ ಮೇಲಿಂದ ಇಣುಕಿದರು.

“ನೀವ್ಯಾಕೆ ಬದಲಾಯಿಸಿದ್ರಿ?” ಎಂದಳು ಟೈಲರಮ್ಮ.

“ಮೇಲಿನ ಮಹಡೀಲಿ ನೀವಿರಲ್ಲವಲ್ಲ.” ಅವರ ದನಿ ತಗ್ಗಿತು. “ಮತ್ತೆ ನೀವು?”

ಆಕೆಯ ಕಿವಿ ಕೆಂಪಾಯಿತು. ಬೆಳ್ಳಿ ಎಳೆಯನ್ನು ಸುಮ್ಮನೆ ಹಿಂದಕ್ಕೆ ಸರಿಸಿಕೊಂಡಳು.

ಸೂಪರ್‌ವೈಸರ್ ನಗು ನುಂಗಿಕೊಂಡಳು. “ಗಿರಾಕಿ ಮೇಲೆ ಪ್ರೀತಿ ಅಂತ ಬಟ್ಟೆ ಅಳತೇನ ತಪ್ಪು ಬರೀತಿದ್ರಾ ಆಂಟಿ? ಅಂಕಾನೂ ಹಾಗೇ. ಎರಡೂ ಅರ್ಥ ಸರಿ, ಎರಡಕ್ಕೂ ಮೂರು ಕೊಡಿ. ಕಟ್ಟಕಡೇಲಿ ಒಂದು ಚಿತ್ರ ಉಳಿದಿದೆ, ಇಬ್ಬರೂ ಅದನ್ನ ನೋಡೇ ಇಲ್ಲ. ಅನ್ನಿಸಿದ್ದನ್ನ ಹಾಕಿ. ಇದೇ ಕೊನೇ ಸಲ.”

ಚಿತ್ರದಲ್ಲಿ ಎರಡು ಮನೆ, ನಡುವೆ ಗಿಡ್ಡ ಗೋಡೆ. ಆಚೆ ಒಬ್ಬ, ಈಚೆ ಒಬ್ಬಳು, ಮಾತಿಗೆ ನಿಂತಿದ್ದಾರೆ. ನೆರೆ ಎಂದರೆ ಪಕ್ಕದವರೂ ಹೌದಲ್ಲ!

ಈ ಸಲ ಟೈಲರಮ್ಮ ಯಾರ ಅಂಕವನ್ನೂ ಊಹಿಸಲಿಲ್ಲ. ಒತ್ತಿದಳು. ಆಚೆಯೂ ಟಕ್ಕೆಂದಿತು.

“ಮೂರು, ಮೂರು,” ಎಂದು ಓದಿದಳು ಸೂಪರ್‌ವೈಸರ್. “ಈ ಚಿತ್ರ ಮೇಲಕ್ಕೆ ಬರಬೇಕು. ಅಂಕಲ್ ಇಲ್ಲೇ ಇರಲಿ.”

ಆಚೆಯಿಂದ ಮೆಲ್ಲನೆ ದನಿ ಬಂತು: “ರೀ, ಈ ರಟ್ಟು ತೆಗೆಸೋದಕ್ಕೆ ಯಾರನ್ನ ಕೇಳ್ಬೇಕು?”

“ಕೆಲಸದ ಹೊತ್ತಲ್ಲಿ ಇರಲಿ ಬಿಡಿ,” ಎಂದಳು ಟೈಲರಮ್ಮ. “ಮನೇಲಿ ಬೇಡ.”